ಕಂಪನಿ ಕೇಳದ ಪ್ರಶ್ನೆಗಳು

ಮಾರ್ಚ್ ೩

ಪ್ರೀತಿಯ ಭಾವನಿಗೆ,

ನಮಸ್ಕಾರ. ಪತ್ರ ಆಫೀಸಿನ ವಿಳಾಸಕ್ಕೆ ಯಾಕೆ ಬಂತು ಎಂದು ಆಶ್ಚರ್ಯಪಡಬೇಡಿ. ಮನೆಗೆ ಬರೆದರೆ ಅಕ್ಕ ಒಡೆದು ಓದುತ್ತಾಳೆ. ಫೋನ್ ಮಾಡೋಣವೆಂದರೆ ನೀವು ಫೋನಿನಲ್ಲಿ "ಹ್ಞೂ" ಎನ್ನುತ್ತೀರಿ, ಬಹಳ ಖುಷಿಯಾದರೆ "ಹ್ಞೂ ಹ್ಞೂ" ಎನ್ನುತ್ತೀರಿ. ಅಷ್ಟರಲ್ಲಿ ನನ್ನ ಕಷ್ಟ ತೀರುವುದಿಲ್ಲ.

ಅಪ್ಪನ ಹಸಿರು ಕಾರು ಕಳವಾಯಿತು. ಈಗಲ್ಲ, ಕಳೆದ ನವೆಂಬರಿನಲ್ಲಿ. ಪೊಲೀಸರಿಗೆ ಸಿಗಲಿಲ್ಲ. ವಿಮೆ ಕಂಪನಿ ಹೆಚ್ಚು ಸತಾಯಿಸದೆ ಕ್ಲೇಮ್ ಕೊಟ್ಟಿತು. ಆ ದುಡ್ಡಿಗೆ ನನ್ನದೊಂದಿಷ್ಟು ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಬೂದು ಕಾರು ತಗೊಂಡೆ. ನನ್ನ ಕೆಲಸ ನಿಮಗೆ ಗೊತ್ತಲ್ಲ. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೆ, ಆಸ್ಪತ್ರೆಗೆ ಹೋಗಿ ಕೂದಲು ಕತ್ತರಿಸುವುದು. ಮಡಚುವ ಕುರ್ಚಿ, ತಲೆ ತೊಳೆಯುವ ಬೋಗುಣಿ, ಹೇರ್ ಡ್ರೈಯರ್, ಟವೆಲ್ಲುಗಳ ಗಂಟು, ಇಷ್ಟನ್ನು ಹೊತ್ತುಕೊಂಡು ಬಸ್ಸು ಹತ್ತಲಾಗುವುದಿಲ್ಲ. ಕಾರಿದ್ದರೇ ಕೆಲಸ.

ಈಗ ಪಾಲಿಸಿ ನವೀಕರಣದ ಕಾಗದ ಬಂದಿದೆ. ಪ್ರೀಮಿಯಂ ನೋಡಿ ಕಣ್ಣು ಕತ್ತಲೆ ಬಂತು. ಕಾರು ಕದ್ದವನು ನಾನೇ ಏನೋ ಅನ್ನುವ ಹಾಗಿದೆ ಅವರ ಲೆಕ್ಕ. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಬೇಕು. ಕಡಿಮೆ ಮಾಡಿಸಲು ದಾರಿ ಏನಾದರೂ ಇದೆಯೇ? ಇಷ್ಟು ವರ್ಷ ಜಖಂ ಆದ ಕಾರುಗಳನ್ನು ನೋಡಿ ಕಂಪನಿಗಳಿಗೆ ವರದಿ ಬರೆದವರು ನೀವು. ನನಗೆ ಗೊತ್ತಿರುವವರಲ್ಲಿ ಈ ಭಾಷೆ ಬಲ್ಲವರು ನೀವೊಬ್ಬರೇ.

ದಯವಿಟ್ಟು ಅಕ್ಕನಿಗೆ ಹೇಳಬೇಡಿ. ಅಪ್ಪ ಹೋದ ಮೇಲೆ ಆ ಕಾರು ಮಾರಿಬಿಡು ಎಂದು ಅವಳು ಎಷ್ಟು ಹಟ ಮಾಡಿದಳು, ಮಾರುವುದಿಲ್ಲ ಎಂದು ನಾನು ಎಷ್ಟು ಹಟ ಮಾಡಿದೆ, ನೀವೇ ನೋಡಿದ್ದೀರಿ. "ಈ ಹಳೇ ಡಬ್ಬ ಇಟ್ಕೊಂಡು ಒಂದಿನ ದಾರೀಲಿ ಕೂತು ಅಳ್ತೀಯ" ಅಂದಿದ್ದಳು. ಅಂದಿನಿಂದ ನಾವು ಹುಟ್ಟುಹಬ್ಬಕ್ಕೆ ಮಾತ್ರ ಮಾತಾಡುವುದು, ಅದೂ ಬಿಸಿಲು ಚಳಿಯ ಬಗ್ಗೆ. ಈಗ ಅವಳ ಬಾಯಲ್ಲಿ "ನಾನು ಹೇಳಲಿಲ್ವಾ" ಎನ್ನುವ ಮಾತು ಕೇಳುವ ಶಕ್ತಿ ನನಗಿಲ್ಲ.

ನಿಮ್ಮ ನಾದಿನಿ,
ಪುಟ್ಟಿ


ಮಾರ್ಚ್ ೯

ಪ್ರೀತಿಯ ಪುಟ್ಟಿಗೆ,

ನಿನ್ನ ಪತ್ರ ತಲುಪಿತು. ನಿನ್ನ ಅಕ್ಕನಿಗೆ ನಾನು ಏನನ್ನೂ ಹೇಳಿಲ್ಲ, ಹೇಳುವುದೂ ಇಲ್ಲ.

ನವೀಕರಣದ ಕಾಗದಕ್ಕೆ ಸಹಿ ಹಾಕಬೇಡ. ಕ್ಲೇಮ್ ಪಡೆದದ್ದರಿಂದ ನಿನ್ನ ನೋ ಕ್ಲೇಮ್ ರಿಯಾಯಿತಿ ಹೋಗಿದೆ. ಅದು ಹೋಗುವಂಥದ್ದೇ, ಅದಕ್ಕಾಗಿ ಜಗಳವಾಡಿ ಫಲವಿಲ್ಲ. ಆದರೆ ಅದೊಂದರಿಂದಲೇ ಪ್ರೀಮಿಯಂ ಇಷ್ಟು ಏರುವುದಿಲ್ಲ. ಬೇರೆ ಏನೋ ಸೇರಿದೆ. ಹಳೆಯ ಪಾಲಿಸಿ, ಹೊಸ ಕಾಗದ, ಕ್ಲೇಮಿನ ಪತ್ರಗಳು ಎಲ್ಲದರ ನಕಲು ಕಳಿಸು.

ಜೊತೆಗೆ ಇವಕ್ಕೆ ಉತ್ತರ ಬೇಕು. ಕಾರು ಎಲ್ಲಿ ನಿಂತಿತ್ತು? ಬೀಗ ಹಾಕಿತ್ತೇ? ಕೀ ಎಲ್ಲಿತ್ತು? ಎಷ್ಟು ಕೀಗಳಿದ್ದವು, ಈಗ ಯಾರ ಹತ್ತಿರ ಇವೆ? ಹೊಸ ಕಾರನ್ನು ಮನೆಯ ಹತ್ತಿರ ಎಲ್ಲಿ ನಿಲ್ಲಿಸುತ್ತೀಯ? ಕಳವಾದ ದಿನ ಮನೆಗೆ ಹೇಗೆ ಹೋದೆ? ಜೊತೆಗೆ ಯಾರಾದರೂ ಇದ್ದರೇ? ಅವತ್ತು ಊಟ ಮಾಡಿದೆಯಾ?

ಎಲ್ಲಕ್ಕೂ ಬರೆ. ಯಾವುದನ್ನೂ ಬಿಡಬೇಡ.

ಭಾವ


ಮಾರ್ಚ್ ೧೫

ಭಾವನಿಗೆ,

ನಕಲುಗಳನ್ನು ಕಳಿಸಿದ್ದೇನೆ.

ಕೀ ಎಲ್ಲಿತ್ತು ಎಂದು ಕೇಳಿದ್ದೀರಿ. ಪೊಲೀಸರೂ ಅದನ್ನೇ ಕೇಳಿದರು, ಕಂಪನಿಯವನೂ ಅದನ್ನೇ ಕೇಳಿದ, ಪಕ್ಕದ ಮನೆಯಾಕೆಯೂ ಬೇಲಿಯ ಮೇಲಿಂದ ಅದನ್ನೇ ಕೇಳಿದಳು. ನೀವೂ ಕೇಳಿದಿರಿ. ಕೀ ನನ್ನ ಕೈಯಲ್ಲಿತ್ತು ಭಾವ. ಬೀಗ ಹಾಕಿದ್ದೆ, ಹಿಡಿ ಎಳೆದೂ ನೋಡಿದ್ದೆ. ಎರಡು ಕೀಗಳಿದ್ದವು. ಎರಡನ್ನೂ ಕ್ಲೇಮಿನ ಸಮಯದಲ್ಲಿ ಕಂಪನಿಯವರೇ ಇಸಿದುಕೊಂಡರು.

ಅವತ್ತು ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಕಾರು ನಿಲ್ಲಿಸಿದ್ದೆ. ಒಳಗೆ ಒಬ್ಬಾಕೆಗೆ ಮರುದಿನದಿಂದ ಚಿಕಿತ್ಸೆ, ಕೂದಲು ಉದುರುವ ಮೊದಲೇ ತೆಗೆಸಿಬಿಡುತ್ತೇನೆ ಎಂದು ಕರೆಸಿದ್ದರು. ಸೊಂಟದವರೆಗೆ ಕೂದಲು. ಇಬ್ಬರೂ ಅಳದೆ ಮುಗಿಸಿದೆವು, ಅದೇ ದೊಡ್ಡದು. ಹೊರಗೆ ಬಂದರೆ ಕಾರಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ. ಬೇರೆ ಗಲ್ಲಿಯಲ್ಲಿ ನಿಲ್ಲಿಸಿದೆನೇನೋ ಎಂದು ಸುತ್ತಿದೆ, ಮತ್ತೆ ಅಲ್ಲಿಗೇ ಬಂದೆ, ಮತ್ತೆ ಸುತ್ತಿದೆ. ಗೇಟಿನ ಕಾವಲಿನಾಕೆ ನನ್ನನ್ನು ನೋಡಿ ಓಡಿ ಬಂದರು. "ಏನಮ್ಮಾ, ಕೀ ಹಿಡ್ಕೊಂಡು ಹೀಗೆ ಗಾಣ ತಿರುಗಿದ ಹಾಗೆ ತಿರುಗ್ತಿದೀರಲ್ಲ?" ಅಂದರು. ಕಾರಿದ್ದ ಜಾಗ ತೋರಿಸಿದೆ. ತಮ್ಮ ಪುಟ್ಟ ಕೋಣೆಯಲ್ಲಿ ಕೂರಿಸಿ, ತಮ್ಮ ಫ್ಲಾಸ್ಕಿನ ಚಹಾ ಅಷ್ಟನ್ನೂ ನನಗೇ ಬಗ್ಗಿಸಿ ಕೊಟ್ಟರು. "ಕಾರು ಹೋದ್ರೆ ಹೋಯ್ತು ಬಿಡಿ, ನೀವು ಅದರೊಳಗೆ ಇರಲಿಲ್ವಲ್ಲ" ಅಂದರು. ಅವರ ಯಜಮಾನರು ಸ್ಕೂಟರಿನಲ್ಲಿ ನನ್ನನ್ನು ಮನೆ ಮುಟ್ಟಿಸಿದರು. ಆ ದಂಪತಿಯನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ.

ಹೊಸ ಕಾರು ಮನೆಯ ಮುಂದೆ ರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲೊಂದು ದೀಪದ ಕಂಬ ಇದೆ, ದೀಪ ಇಲ್ಲ.

ನಾನು ಊಟ ಮಾಡಿದರೆ ಕಂಪನಿಗೇನು, ಬಿಟ್ಟರೆ ಕಂಪನಿಗೇನು? ಯಾವುದನ್ನೂ ಬಿಡಬೇಡ ಎಂದಿದ್ದೀರಲ್ಲ, ಬರೆದುಕೊಳ್ಳಿ. ಎರಡು ಬಾಳೆಹಣ್ಣು.

ಪುಟ್ಟಿ


ಮಾರ್ಚ್ ೨೧

ಪ್ರೀತಿಯ ಪುಟ್ಟಿಗೆ,

ಕೀ ವಿಷಯಕ್ಕೆ ನಿನಗೆ ನೋವಾಯಿತು. ನಾನು ಕಾರಣ ಹೇಳದೆ ಕೇಳಿದ್ದು ತಪ್ಪು. ನಿನ್ನನ್ನು ಅನುಮಾನಿಸಿ ಕೇಳಿದ್ದಲ್ಲ. ಕಂಪನಿ ಅನುಮಾನಿಸಿದೆಯೇ ಎಂದು ತಿಳಿಯಲು ಕೇಳಿದ್ದು.

ಅನುಮಾನಿಸಿದೆ. ನೀನು ಕಳಿಸಿದ ಹೊಸ ಕಾಗದದ ಎರಡನೇ ಪುಟ ನೋಡು. ಕಳವಿನ ವಿವರದ ಮುಂದೆ "ಕೀ ವಾಹನದಲ್ಲಿತ್ತು" ಎಂದು ಸಣ್ಣ ಅಕ್ಷರದಲ್ಲಿದೆ. ಬೇಕೆಂದು ಬರೆದದ್ದೋ, ಕೈತಪ್ಪಿ ಬಂದದ್ದೋ ಗೊತ್ತಿಲ್ಲ. ಆ ಒಂದು ಸಾಲಿನಿಂದ ನಿನ್ನನ್ನು ಅಜಾಗರೂಕ ಮಾಲೀಕರ ಸಾಲಿಗೆ ಸೇರಿಸಿದ್ದಾರೆ. ಎರಡೂ ಕೀಗಳನ್ನು ಅವರೇ ಪಡೆದ ರಸೀದಿ ನಿನ್ನ ಹತ್ತಿರ ಇರಬೇಕು. ಅದನ್ನು ತೋರಿಸಿ ತಿದ್ದಲು ಕೇಳು.

ಕಾರನ್ನು ರಸ್ತೆಯಿಂದ ತೆಗೆದು ಬಾಗಿಲಿರುವ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಪ್ರೀಮಿಯಂ ಇಳಿಯುತ್ತದೆ. ನಿಮ್ಮ ಬೀದಿಯಲ್ಲಿ ಯಾರದ್ದಾದರೂ ಖಾಲಿ ಗ್ಯಾರೇಜು ಇದೆಯೇ ವಿಚಾರಿಸು. ಸ್ಟೀರಿಂಗಿಗೆ ಗಟ್ಟಿ ಬೀಗ ಹಾಕಿಸು, ಅದರ ಬಿಲ್ಲನ್ನು ಕಂಪನಿಗೆ ಕೊಡು. ಸಣ್ಣಪುಟ್ಟ ಜಖಂ ಆದರೆ ಇಷ್ಟರವರೆಗೆ ನಾನೇ ಭರಿಸುತ್ತೇನೆ ಎಂದು ಒಪ್ಪಿಕೊಂಡರೂ ಸ್ವಲ್ಪ ಇಳಿಯುತ್ತದೆ, ಆದರೆ ನಿನ್ನ ಕೈಗೆ ಎಟುಕುವಷ್ಟೇ ಒಪ್ಪಿಕೋ. ಬೇರೆ ಕಂಪನಿಗಳನ್ನೂ ಕೇಳಿ ನೋಡು. ಕೇಳುವಾಗ ಕಳವಿನ ವಿಷಯ ಮುಚ್ಚಿಡಬೇಡ. ಕೆಲಸಕ್ಕೆ ಕಾರು ಬಳಸುತ್ತೀಯ ಎನ್ನುವುದು ಪಾಲಿಸಿಯಲ್ಲಿ ಇಲ್ಲ, ಅದನ್ನೂ ಬರೆಸು. ಅದರಿಂದ ಪ್ರೀಮಿಯಂ ಏರಬಹುದು. ಏರಿದರೂ ಬರೆಸು. ನಾಳೆ ಅಪಘಾತವಾದರೆ ಆ ಒಂದು ಮಾತು ನಿನ್ನನ್ನು ಕಾಯುತ್ತದೆ.

ಬಾಳೆಹಣ್ಣು ಊಟವಲ್ಲ. ಇದು ಕಂಪನಿಯ ಅಭಿಪ್ರಾಯ. ಇನ್ನೊಂದು. ಭಾರದ ಚೀಲವನ್ನು ಎಡಗೈಯಲ್ಲಿ ಹೊರಬೇಡ. ಚಿಕ್ಕವಳಿದ್ದಾಗ ಕಾಂಪೌಂಡ್ ಗೋಡೆಯಿಂದ ಬಿದ್ದು ಮುರಿದುಕೊಂಡ ಕೈ ಅದು.

ಭಾವ


ಏಪ್ರಿಲ್ ೮

ಪ್ರೀತಿಯ ಪುಟ್ಟಿಗೆ,

ನಿನ್ನಿಂದ ಪತ್ರವಿಲ್ಲ. ಕೆಲಸದ ಗಡಿಬಿಡಿ ಇರಬಹುದು. ಗ್ಯಾರೇಜು ಸಿಕ್ಕಿತೇ? ಕೀ ವಿಷಯ ತಿದ್ದಿದರೇ?

ಇಲ್ಲಿ ಎಲ್ಲರೂ ಆರೋಗ್ಯ. ಆದರೆ ಮನೆಯಲ್ಲಿ ಅಡುಗೆಗೆ ಎರಡೆರಡು ಸಲ ಉಪ್ಪು ಬೀಳುತ್ತಿದೆ. ಅಂಚೆಯವನು ಬರುವ ಹೊತ್ತಿಗೆ ಬಾಗಿಲ ಹತ್ತಿರ ಗುಡಿಸುವ ಕೆಲಸ ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆ. ಒಂದೇ ಸಾಲಾದರೂ ಬರೆ. ಈ ಸಲ ಮನೆಯ ವಿಳಾಸಕ್ಕೇ ಬರೆದರೂ ನಡೆಯುತ್ತದೆ.

ಭಾವ


ಏಪ್ರಿಲ್ ೧೧

ಭಾವನಿಗೆ,

ಬರೆಯುವಂಥದ್ದೇನೂ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ.

ನೀವು ಹೇಳಿದಂತೆ ಸ್ಟೀರಿಂಗಿಗೆ ಬೀಗ ಹಾಕಿಸಿದೆ. ಕೆಲಸಕ್ಕೆ ಬಳಸುತ್ತೇನೆ ಎಂದು ಬರೆಸಿದೆ. ಒಂದು ಕೈಯಿಂದ ಇಳಿದದ್ದು ಇನ್ನೊಂದು ಕೈಯಿಂದ ಏರಿತು. ಬೇರೆ ಕಂಪನಿಗಳನ್ನು ಕೇಳಿದೆ. ಕಳವಿನ ವಿಷಯ ಬಾಯಿಗೆ ಬಂದ ಕೂಡಲೇ ಎಲ್ಲರ ದನಿಯೂ ಬದಲಾಯಿತು.

ನಮ್ಮ ಬೀದಿಯಲ್ಲಿ ಗ್ಯಾರೇಜಿರುವುದು ಎದುರು ಮನೆಯ ಕ್ಯಾಪ್ಟನ್‌ಗೆ ಮಾತ್ರ. ನಿಜವಾದ ಕ್ಯಾಪ್ಟನ್ ಅಲ್ಲ, ಬಸ್ ಓಡಿಸುತ್ತಿದ್ದವರು. ದಿನವಿಡೀ ಮೇಲಿನ ಬಾಲ್ಕನಿಯಲ್ಲಿ ಕಂಬಿ ಹಿಡಿದು ಹಡಗಿನ ಮೇಲೆ ನಿಂತವರ ಹಾಗೆ ಬೀದಿ ನೋಡುತ್ತಾರೆ, ಯಾರೊಂದಿಗೂ ಮಾತಿಲ್ಲ. ಬೀದಿಯವರು ಹೆಸರಿಟ್ಟರು. ನಾನು ಹೋಗಿ ಕೇಳಿದೆ. "ಜಾಗ ಇಲ್ಲ" ಅಂದರು, ಬಾಗಿಲು ಹಾಕಿದರು. ಮುಖಕ್ಕೆ ಹೊಡೆದ ಹಾಗಾಯಿತು.

ಕೀ ವಿಷಯಕ್ಕೆ ಕಂಪನಿಗೆ ಹೋಗಲಿಲ್ಲ. ಮತ್ತೆ ಅವರೆದುರು ನಿಂತು ನಾನು ಸುಳ್ಳಿ ಅಲ್ಲ ಎಂದು ಹೇಳಿಕೊಳ್ಳಲು ಕಾಲು ಏಳುತ್ತಿಲ್ಲ.

ಸಾಕು ಅನ್ನಿಸಿದೆ. ದೊಡ್ಡ ರಸ್ತೆಯ ಸಲೂನಿನ ಯಜಮಾನಿಯನ್ನು ಕಂಡು ಬಂದೆ. ಮೇ ತಿಂಗಳಿಂದ ಒಂದು ಕುರ್ಚಿ ಕೊಡುತ್ತಾರಂತೆ. ಕಾರು ಮಾರಿಬಿಡುತ್ತೇನೆ. ನಿನ್ನೆ ಒಬ್ಬಾಕೆಗೆ ಹೇಳಿದೆ, ಮುಂದಿನ ತಿಂಗಳು ನಾನು ಬರುವುದಿಲ್ಲ ಎಂದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಪಾರ್ಶ್ವವಾಯು ಬಡಿದ ಮೇಲೆ ಮಾತಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಲಿಲ್ಲ. ಅವರ ಮಗಳು ಬಂದು ಬೆರಳು ಬಿಡಿಸಬೇಕಾಯಿತು.

ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ. ಕ್ಷಮಿಸಿ.

ಪುಟ್ಟಿ


ಏಪ್ರಿಲ್ ೧೪

ಪ್ರೀತಿಯ ಪುಟ್ಟಿಗೆ,

ನಿನ್ನ ಪತ್ರ ನಿನ್ನೆ ಬಂತು. ಇವತ್ತೇ ಉತ್ತರಿಸುತ್ತಿದ್ದೇನೆ.

ನಾನು ನೋಡಿದ ಕಳವಿನ ಪ್ರಕರಣಗಳಲ್ಲೆಲ್ಲ ಒಂದು ಮಾತು ಸಮಾನ. ನಾಚಿಕೆಪಡುವುದು ಕಾರು ಕಳೆದುಕೊಂಡವರೇ, ಕದ್ದವನಲ್ಲ. ನನ್ನ ಮುಂದೆ ಕೂತು ಎಷ್ಟೋ ಜನ ನೆಲ ನೋಡುತ್ತಾ ಮಾತಾಡಿದ್ದಾರೆ. ತಲೆ ಎತ್ತಿ ಮಾತಾಡಿ ಎಂದು ನಾನು ಯಾರಿಗೂ ಹೇಳಲಿಲ್ಲ, ಅದು ನನ್ನ ಕೆಲಸವಾಗಿರಲಿಲ್ಲ. ನಿನಗೆ ಹೇಳುತ್ತೇನೆ. ತಲೆ ಎತ್ತಿಕೊಂಡು ಹೋಗು.

ಒಬ್ಬಳೇ ಹೋಗಬೇಡ. ನಿನ್ನ ಕೈಯಲ್ಲಿ ಕೀ ಇದ್ದದ್ದನ್ನು ಕಣ್ಣಾರೆ ಕಂಡವರು ಒಬ್ಬರಿದ್ದಾರೆ. ನೀನೇ ಬರೆದಿದ್ದೀಯ, ನಿನಗೇ ಹೊಳೆದಿಲ್ಲ. "ಕೀ ಹಿಡ್ಕೊಂಡು ಯಾಕೆ ತಿರುಗ್ತಿದೀರಿ" ಎಂದು ಕೇಳಿದವರು. ಅವರಿಂದ ಎರಡು ಸಾಲು ಬರೆಸಿಕೊಂಡು ಹೋಗು.

ಸಲೂನಿಗೆ ಹೂಂ ಎನ್ನಬೇಡ. ತಿಂಗಳು ಮುಗಿಯಲು ಇನ್ನೂ ಸಮಯವಿದೆ. ಮಾತು ನಿಂತುಹೋದ ಆಕೆ ಸುಮ್ಮನೆ ಕೈ ಹಿಡಿದಿಲ್ಲ.

ಈ ಕೊನೆಯ ವಾಕ್ಯ ನನ್ನದಲ್ಲ. ಆದರೂ ಇರಲಿ.

ಭಾವ


ಏಪ್ರಿಲ್ ೨೬

ಪ್ರೀತಿಯ ಭಾವನಿಗೆ,

ಎಲ್ಲಿಂದ ಶುರು ಮಾಡಲಿ ಗೊತ್ತಾಗುತ್ತಿಲ್ಲ. ಮೊದಲು ಮುಖ್ಯವಾದದ್ದು. ಕಾರು ಉಳಿಯಿತು. ಪ್ರೀಮಿಯಂ ಮೊದಲಿನಷ್ಟು ಕಡಿಮೆ ಇಲ್ಲ, ಆದರೆ ನನ್ನಿಂದ ಕಟ್ಟಲಾಗುವಷ್ಟಿದೆ. ನಿನ್ನೆ ಕಟ್ಟಿದೆ. ಈಗ ನಿಧಾನವಾಗಿ ಹೇಳುತ್ತೇನೆ, ಚಹಾ ತರಿಸಿಕೊಂಡು ಓದಿ.

ಕಾವಲಿನಾಕೆಯ ಹತ್ತಿರ ಎರಡು ಸಾಲು ಬರೆದುಕೊಡಿ ಎಂದು ಕೇಳಲು ಹೋದೆ. "ಬರೆದದ್ದನ್ನ ಯಾರಮ್ಮಾ ಓದ್ತಾರೆ? ಎದುರಿಗೆ ನಿಂತ್ರೆ ಕೇಳಲೇಬೇಕು. ನಾನೇ ಬರ್ತೀನಿ" ಅಂದರು. ತಮ್ಮ ರಜೆಯ ದಿನ, ಆದರೂ ಯೂನಿಫಾರ್ಮ್ ಹಾಕಿಕೊಂಡೇ ಬಂದರು, ಗುಂಡಿ ಬೆಲ್ಟು ಎಲ್ಲ ಥಳಥಳ. ಕೌಂಟರಿನಲ್ಲಿದ್ದ ಹುಡುಗಿಗೆ ನಾನು ಬಾಯಿ ತೆರೆಯುವ ಮೊದಲೇ, "ನೋಡಿ ತಾಯಿ, ಇವರ ಕೈಯಲ್ಲಿ ಕೀ ಇತ್ತು. ನಾನು ನೋಡಿದೀನಿ. ಕೀ ಇವರ ಕೈಲಿ, ಕಾರು ಕಳ್ಳನ ಕೈಲಿ. ನೀವು ಎರಡನ್ನೂ ಕಳ್ಳನ ಕೈಗೆ ಕೊಟ್ಟಿದೀರಿ" ಅಂದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಹುಡುಗಿಯೂ ನಕ್ಕು, ನನ್ನ ರಸೀದಿ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದಳು. ಆಮೇಲೆ ಮುಖ ಕೆಂಪಾಯಿತು. "ಮೇಡಂ, ಕೀ ನಮ್ಮ ಲಾಕರಿನಲ್ಲೇ ಇದೆ. ಎಂಟ್ರಿ ಮಾಡುವಾಗ ತಪ್ಪು ಗುರುತು ಹಾಕಿದ್ದಾರೆ. ಕ್ಷಮಿಸಿ" ಎಂದು ಎದ್ದು ನಿಂತು ಹೇಳಿದಳು. ಅಷ್ಟೇ ಭಾವ. ಇಷ್ಟು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ದುಡ್ಡು ಇಳಿದದ್ದಕ್ಕಿಂತ ಆ ಹುಡುಗಿ ಎದ್ದು ನಿಂತದ್ದು ನನಗೆ ದೊಡ್ಡದಾಯಿತು. ಹೊರಗೆ ಬಂದು ಕಾವಲಿನಾಕೆಯನ್ನು ಅಪ್ಪಿಕೊಂಡೆ. ಬೆಲ್ಟಿನ ಬಕ್ಕಲು ಹೊಟ್ಟೆಗೆ ಒತ್ತಿ ಇನ್ನೂ ಗುರುತಿದೆ.

ಎರಡು ದಿನದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕ್ಯಾಪ್ಟನ್, ಕೈಯಲ್ಲಿ ಅಳತೆಯ ಟೇಪು.

"ನಿಮ್ಮ ಕಾರು ಎಷ್ಟು ಅಗಲ?" ಅಂದರು.

"ಜಾಗ ಇಲ್ಲ ಅಂದಿದ್ರಿ?"

"ಇರಲಿಲ್ಲ. ದೋಣಿ ಇತ್ತು. ಈಗ ದೋಣೀನ ಗೋಡೆಗೆ ಒರಗಿಸಿ ನಿಲ್ಲಿಸಿದೀನಿ."

ನಿಜವಾಗಿಯೂ ದೋಣಿ! ಬಸ್ ಓಡಿಸುವುದು ಬಿಟ್ಟ ಮೇಲೆ ತಾವೇ ಹಲಗೆ ಕೊಯ್ದು ಕಟ್ಟುತ್ತಿದ್ದಾರಂತೆ, ಇನ್ನೂ ಅರ್ಧ ಆಗಿದೆ. ಅವರನ್ನು ಬೀದಿಯವರು ಕ್ಯಾಪ್ಟನ್ ಅನ್ನುವುದು ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ, ನಗು ತಡೆದುಕೊಳ್ಳುವುದರಲ್ಲೇ ಸಾಕಾಯಿತು. ಬಾಡಿಗೆ ಎಷ್ಟು ಎಂದು ಕೇಳಿದೆ. ಅವರು ಟೇಪು ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತರು.

"ನಮ್ಮ ಮನೆಯವರು ಮಂಡಿ ನೋವಿಂದ ಮೆಟ್ಟಿಲು ಇಳಿಯೋದು ಬಿಟ್ಟಿದಾರೆ. ನೀವು ಬಂದು ಹೋದ ಮೇಲೆ ನನ್ನ ಚೆನ್ನಾಗಿ ಬೈದರು. 'ಅವರು ಮನೆಗೆ ಬಂದು ಕೂದಲು ಕತ್ತರಿಸೋರು ಕಣ್ರೀ, ಬಾಗಿಲು ಹಾಕಿ ಕಳಿಸಿದ್ರಲ್ಲ' ಅಂತ. ಇಷ್ಟು ದಿನ ನಾನೇ ಕತ್ತರಿಸ್ತಿದ್ದೆ. ನೋಡಿದ್ರೆ ನಿಮಗೇ ಗೊತ್ತಾಗುತ್ತೆ."

ಮೇಲೆ ಹೋಗಿ ನೋಡಿದೆ. ಇಲಿ ಕಡಿದ ಹಾಗಿತ್ತು. ಆಕೆ ಕಿಟಕಿಯ ಪಕ್ಕ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. "ಪ್ರೀತಿಯಿಂದ ಕತ್ತರಿಸ್ತಾರಮ್ಮ, ಅದೇ ತೊಂದರೆ" ಅಂದರು. ಕತ್ತರಿ ಹಿಡಿದು ನಾನು ಅಷ್ಟು ನಕ್ಕದ್ದೇ ಇಲ್ಲ. ಮುಗಿಸಿ ಕನ್ನಡಿ ಹಿಡಿದಾಗ ಕ್ಯಾಪ್ಟನ್ ಬಾಲ್ಕನಿ ಬಿಟ್ಟು ಒಳಗೆ ಬಂದು, ಹೆಂಡತಿಯನ್ನು ನೋಡಿ, ಮತ್ತೆ ಬಾಲ್ಕನಿಗೆ ಹೋದರು. ಬಾಡಿಗೆ ಇಲ್ಲ, ತಿಂಗಳಿಗೊಮ್ಮೆ ನಾನು ಆಕೆಯ ತಲೆಗೂದಲು ನೋಡಿಕೊಳ್ಳಬೇಕು. ಗ್ಯಾರೇಜಿನ ವಿಳಾಸ ಕೊಟ್ಟ ಮೇಲೆ ಕಂಪನಿ ಇನ್ನಷ್ಟು ಇಳಿಸಿತು.

ಸಲೂನಿನ ಯಜಮಾನಿಗೆ ಬರುವುದಿಲ್ಲ ಎಂದು ಹೇಳಿ ಬಂದೆ. ಮಾತು ನಿಂತುಹೋದ ಆಕೆಯ ಮನೆಗೂ ಹೋಗಿದ್ದೆ. ಬರುತ್ತೇನೆ ಎಂದಾಗ ಅವರು ಒಂದು ಕಡೆಯ ತುಟಿಯಲ್ಲೇ ನಕ್ಕರು.

ಭಾವ, ನಿಮ್ಮ ಋಣ ಹೇಗೆ ತೀರಿಸಲಿ? ತೀರಿಸುವುದೂ ಬೇಡ, ಇರಲಿ.

ಒಂದು ಮಾತು ಮಾತ್ರ ಕೇಳಬೇಕು. ನನ್ನ ಕೈ ಮುರಿದದ್ದು ಮೆಟ್ಟಿಲಿನಿಂದ ಬಿದ್ದು ಎಂದು ಅಪ್ಪ ಅಮ್ಮನಿಗೆ ಹೇಳಿದ್ದೆವು. ಗೋಡೆ ಹತ್ತಿದ್ದು ಗೊತ್ತಾದರೆ ಬೈಗುಳ ತಿನ್ನಬೇಕಿತ್ತು. ಗೋಡೆಯ ವಿಷಯ ಗೊತ್ತಿದ್ದದ್ದು ನನಗೆ ಮತ್ತು ಕೆಳಗೆ ನಿಂತು "ಹಾರು, ನಾನು ಹಿಡ್ಕೋತೀನಿ" ಅಂದವಳಿಗೆ ಮಾತ್ರ. ಮಾರ್ಚಿನಲ್ಲಿ ಆ ಸಾಲು ಓದಿ ಪತ್ರ ಮಡಚಿಟ್ಟೆ. ಬೈಯಲು ಕಾಯುತ್ತಿದ್ದಾಳೆ ಅಂದುಕೊಂಡೆ. ಅದೂ ಒಂದು ಕಾರಣ, ನಾನು ಆಮೇಲೆ ಬರೆಯದೇ ಇದ್ದುದಕ್ಕೆ. ಈಗ ಹಾಗನ್ನಿಸುತ್ತಿಲ್ಲ. ಅವಳು ಎಂದಿನಿಂದ ಓದುತ್ತಿದ್ದಾಳೆ?

ನಿಮ್ಮ,
ಪುಟ್ಟಿ


ಮೇ ೧

ಪ್ರೀತಿಯ ಪುಟ್ಟಿಗೆ,

ಮೊದಲ ದಿನದಿಂದ. ನಾನು ಹೇಳಲಿಲ್ಲ. ಕೋಟಿನ ಜೇಬಿನಲ್ಲಿ ಲಕೋಟೆ ಕಂಡಿತು, ನಿನ್ನ ಅಕ್ಷರ ಅವಳಿಗೆ ಗೊತ್ತಾಗದೇ ಇರುತ್ತದೆಯೇ? ಓದಿ ಮುಗಿಸಿ ಅಡುಗೆಮನೆಗೆ ಹೋದಳು. ಆಮೇಲೆ ಬಂದು "ಅವಳು ಊಟ ಮಾಡಿದ್ಲಾ ಕೇಳಿ" ಅಂದಳು. ನಾನು ಇದು ಕಂಪನಿಗೆ ಸಂಬಂಧಿಸಿದ್ದಲ್ಲ ಅಂದೆ. "ನಿಮ್ಮ ಕಂಪನಿ ಮನೆ ಹಾಳಾಗ, ಕೇಳಿ" ಅಂದಳು. ಕೇಳಿದೆ.

ನನಗೆ ಧನ್ಯವಾದ ಹೇಳಿದ್ದೀಯ. ನಿವೃತ್ತಿ ಹತ್ತಿರ ಬಂದಿದೆ, ಆಫೀಸಿನಲ್ಲಿ ನನ್ನನ್ನು ಯಾರೂ ಏನನ್ನೂ ಕೇಳುವುದಿಲ್ಲ. ನೀನು ಕೇಳಿದೆ. ಧನ್ಯವಾದ ನಾನು ಹೇಳಬೇಕು. ಇನ್ನು ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ಪುಟ್ಟೀ,

ನಾನು ಬೈತೀನಿ ಅಂದ್ಕೊಂಡ್ಯಾ? ಬೈಯೋಕೆ ಪೆನ್ನು ಬೇಕಾ ನನಗೆ?

ಆ ಕಾರು ಮಾರು ಅಂದದ್ದು ಹಳೇದಾಯ್ತು ಅಂತ ಅಲ್ಲ. ಅಪ್ಪ ಕಡೇ ಸಲ ಆಸ್ಪತ್ರೆಗೆ ಹೋದದ್ದು ಅದರಲ್ಲೇ, ನೀನೇ ಓಡಿಸ್ತಿದ್ದೆ, ನಾನು ಹಿಂದೆ ಅವರ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಆ ಸೀಟು ಮತ್ತೆ ನೋಡೋಕೆ ನನಗೆ ಆಗ್ತಿರಲಿಲ್ಲ. ನಿನಗೆ ಅದನ್ನ ಬಿಡೋಕೆ ಆಗ್ತಿರಲಿಲ್ಲ. ಇಬ್ಬರೂ ಒಂದೇ ಕಾರಣಕ್ಕೆ ಜಗಳ ಆಡಿದ್ವಿ, ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ನವೆಂಬರಿನಲ್ಲಿ ನೀನು ಆ ಗಲ್ಲಿ ಸುತ್ತುತ್ತಿದ್ದಾಗ ನಾನು ಇಲ್ಲಿ ಬಟ್ಟೆ ಒಣಗಿಸ್ತಿದ್ನೋ ಏನೋ. ಯಾರೋ ಒಬ್ಬರು, ನಾನು ಇಲ್ಲದ ಕಡೆ, ನನ್ನ ತಂಗಿಯನ್ನ ಕೂರಿಸಿ ತಮ್ಮ ಪಾಲಿನ ಚಹಾ ಕೊಟ್ಟರು. ಆ ಸಾಲು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಅವರಿಗೆ ಪತ್ರ ಬರೆಯೋಕೆ ಕೂತೆ, ಬರೆಯೋಕೆ ಬರಲಿಲ್ಲ. ಬಂದೇ ಹೇಳ್ತೀನಿ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ನಿನ್ನ ಭಾವ ಬೇಡ, ಅವರು ಬಂದ್ರೆ ನಿನ್ನ ಕಾರಿನ ಸುತ್ತ ಸುತ್ತಿ ವರದಿ ಬರೀತಾರೆ. ನಿಲ್ದಾಣಕ್ಕೆ ಕಾರು ತಗೊಂಡು ಬಾ. ನಾನು ಮುಂದೆ, ನಿನ್ನ ಪಕ್ಕದಲ್ಲೇ ಕೂತ್ಕೋತೀನಿ. ಮನೆಗೆ ಆಮೇಲೆ ಹೋಗೋಣ. ಮೊದಲು ಆ ಆಸ್ಪತ್ರೆ ಗೇಟಿಗೆ ಬಿಡು.

ಅಕ್ಕ